ಕೆಳಗಿನ ಡ್ರಾಯರಿನ ಲಕೋಟೆಗಳು

ಊಟದ ಹೊತ್ತು ಬಿಟ್ಟರೆ ಆ ಮನೆಯ ಊಟದ ಮೇಜು ಊಟದ ಮೇಜಾಗಿರುತ್ತಲೇ ಇರಲಿಲ್ಲ. ತಟ್ಟೆ ಎತ್ತಿದ್ದೇ ತಡ, ಅದರ ಮೇಲೆ ಹಳೆಯ ಬಿಳಿ ಬಟ್ಟೆ ಹಾಸಿಕೊಳ್ಳುತ್ತಿತ್ತು. ಬಟ್ಟೆಯ ಮೇಲೆ ಅಗಲ ಬಾಯಿಯ ಬೋಗುಣಿ, ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ನೀರಿನಲ್ಲಿ ಲಕೋಟೆಗಳಿಂದ ಕತ್ತರಿಸಿದ ಚೂರುಗಳು. ಅರ್ಧ ಗಂಟೆ ಕಾದರೆ ಅಂಚೆಚೀಟಿಗಳು ಕಾಗದದ ಸಹವಾಸ ಬಿಟ್ಟು ಜಾರಿ ಬರುತ್ತಿದ್ದವು: ರಾಜರು, ಹಡಗುಗಳು, ಹೂಗಳು. ಅತ್ತೆ ಅವನ್ನು ಚಿಮಟದಿಂದ ಎತ್ತಿ, ಮಿಂದ ಮಕ್ಕಳನ್ನು ಮಲಗಿಸುವ ಹಾಗೆ, ಬಟ್ಟೆಯ ಮೇಲೆ ಬೋರಲಾಗಿ ಮಲಗಿಸುತ್ತಿದ್ದರು.

ಬೀದಿಯ ಮಕ್ಕಳಿಗೆ ಆಕೆಯ ಗಂಡ ಸ್ಟ್ಯಾಂಪ್ ಮಾಮ. ಹಾಗಾಗಿ ಆಕೆ ಅತ್ತೆ. ಮನೆಯೇ ಅವರ ಅಂಗಡಿ. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡಂತೆ ಹದಿನಾಲ್ಕು ಡ್ರಾಯರುಗಳ ಬೀರು. ಬೇಕೆಂದವರು ಪತ್ರ ಬರೆದು ತರಿಸಿಕೊಳ್ಳುತ್ತಿದ್ದರು, ಹತ್ತಿರದವರು ಬಂದು ಕೂತು ಆರಿಸುತ್ತಿದ್ದರು. ಮಾಮ ಚೀಟಿಯನ್ನು ಬೆಳಕಿಗೆ ಹಿಡಿದು, ಅಂಚಿನ ಹಲ್ಲು ಎಣಿಸಿ, ಬೆನ್ನಿನ ಗೋಂದು ನೋಡಿ, "ಇದು ಹುಟ್ಟುಗೋಂದಲ್ಲ, ಆಮೇಲೆ ಹಚ್ಚಿದ್ದು" ಎಂದರೆ ಮುಗಿಯಿತು. ಅದಕ್ಕೆ ಮೇಲ್ಮನವಿ ಇರಲಿಲ್ಲ.

ಆ ಮನೆಯಲ್ಲಿ ಒಂದೇ ಕಾನೂನು: ಚೀಟಿಗೆ ನಾಲಿಗೆ ತಾಗಿಸಬಾರದು. ಗೋಂದು ಕೆಟ್ಟರೆ ಬಳಸದ ಚೀಟಿಯ ಬೆಲೆಯೇ ಹೋಯಿತು. ಮಗಳು ಆರು ವರ್ಷದವಳಿದ್ದಾಗ ನೀಲಿ ಜೋಡಿಹಕ್ಕಿಯ ಎರಡು ಚೀಟಿಗಳಲ್ಲಿ ಒಂದನ್ನು ನೆಕ್ಕಿ ಕೆನ್ನೆಗೆ ಅಂಟಿಸಿಕೊಂಡು, "ಸಿಹಿ ಇದೆ ಅಪ್ಪಾ!" ಎಂದಿದ್ದಳು. ಮಾಮ ಮನೆಯೇ ಹಾರಿಹೋಗುವ ಹಾಗೆ ಬೈದರು. ಅವಳು ಅತ್ತಳು. ಕೊನೆಗೆ ಅವರೇ ಸೋತು, ಉಳಿದ ಒಂದನ್ನು ಎತ್ತಿಟ್ಟು, "ಇದು ನಿನ್ನ ಮದುವೆಗೆ, ಆಯ್ತಾ?" ಎಂದು ರಮಿಸಿದ್ದರು.

ಮದುವೆ ಆಯಿತು. ಆದರೆ ಅವಳು ತಾನೇ ಆರಿಸಿಕೊಂಡವನ ಜೊತೆ, ಅಪ್ಪ ಬೇಡವೆಂದ ಮೇಲೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ನೇರ ಮನೆಗೇ ಬಂದ ಅವಳನ್ನು ಮಾಮ ಬಾಗಿಲಲ್ಲೇ ತಡೆದು, ಜಗಲಿಯಲ್ಲಿದ್ದ ನಾಲ್ಕು ಜನರ ಮುಂದೆ "ನನಗೆ ಮಗಳಿಲ್ಲ" ಎಂದರು. ಅದಾಗಿ ನಾಲ್ಕು ವರ್ಷ.

ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತಿತ್ತಂತೆ. ಅತ್ತೆಯ ಪ್ರಾಣ ಅಷ್ಟು ದೂರ ಹೋಗಿರಲಿಲ್ಲ. ಬೀರುವಿನ ತೀರ ಕೆಳಗಿನ ಡ್ರಾಯರಿನಲ್ಲಿತ್ತು. ಮಗಳ ಕಾಗದ ಬಂದಾಗಲೆಲ್ಲ ಮಾಮ ಅಕ್ಷರ ನೋಡಿ, ಮಾತಾಡದೆ, ಒಡೆಯದೆ ಅದರೊಳಗೆ ಹಾಕುತ್ತಿದ್ದರು. ಮಾರನೆಯ ಬೆಳಿಗ್ಗೆ ಅವರು ಗಿರಾಕಿಗಳ ಕಟ್ಟು ಹಿಡಿದು ಅಂಚೆ ಕಚೇರಿಗೆ ಹೊರಟರೆ ಅತ್ತೆ ಕೆಟಲು ಇಟ್ಟು, ಆವಿಯಲ್ಲಿ ಲಕೋಟೆಯ ಬಾಯಿ ಬಿಡಿಸಿ, ಓದಿ, ಮೈದಾ ಅಂಟು ಸವರಿ, ಇದ್ದ ಹಾಗೇ ಇಡುತ್ತಿದ್ದರು. ಗಂಡ ಗೇಟಿನ ಬಳಿ ಎರಡು ಸಲ ಕೆಮ್ಮಿ ಒಳಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಮೊದಲ ಕಾಗದದಲ್ಲೇ ಮಗಳು ಬರೆದಿದ್ದಳು: "ಅಮ್ಮಾ, ನೀನು ಇದನ್ನು ಕದ್ದು ಓದುತ್ತೀಯ, ನನಗೆ ಗೊತ್ತು. ಕದ್ದು ಉತ್ತರ ಮಾತ್ರ ಬರೆಯಬೇಡ. ಬಾಗಿಲಿನಿಂದ ಹೋದವಳು ನಾನು, ಕಿಟಕಿಯಿಂದ ಬರುವುದಿಲ್ಲ."

ಹನ್ನೊಂದನೆಯದು ಈ ಸೋಮವಾರ ಬಂದಿತ್ತು. "ತಿಂಗಳ ಕೊನೆಗೆ ನಾವು ಊರು ಬಿಡುತ್ತಿದ್ದೇವೆ. ಹೊಸ ವಿಳಾಸ ಕೇಳಿದವರಿಗೆ ಮಾತ್ರ ಕೊಡುತ್ತೇನೆ. ಅಪ್ಪ ಕೇಳದಿದ್ದರೆ ಇದೇ ಕೊನೆಯ ಕಾಗದ."

ತಿಂಗಳ ಕೊನೆಗೆ ಒಂಬತ್ತು ದಿನ. ಹೇಳಿದರೆ ಕದ್ದು ಓದಿದ್ದು ಬಯಲಾಗುತ್ತದೆ. ಹೇಳದಿದ್ದರೆ ಮಗಳು ಈ ಭೂಮಿಯ ಮೇಲೆ ವಿಳಾಸವೇ ಇಲ್ಲದವಳಾಗುತ್ತಾಳೆ. ಮಂಗಳವಾರ ಓದಿದ ಗಾಬರಿಯಲ್ಲಿ ಅತ್ತೆ ಡ್ರಾಯರನ್ನು ಪೂರ್ತಿ ಮುಚ್ಚಿರಲಿಲ್ಲ. ಆಮೇಲೆ ಅತ್ತ ನೋಡುವ ಧೈರ್ಯವೂ ಆಗಿರಲಿಲ್ಲ.

ಗುರುವಾರ ಮಧ್ಯಾಹ್ನ ಹಕ್ಕಿ ಮೇಷ್ಟ್ರು ಬಂದರು. ಜಗತ್ತಿನಲ್ಲಿ ಹಕ್ಕಿ ಬಿಟ್ಟು ಇನ್ನೇನನ್ನೂ ಚೀಟಿಯ ಮೇಲೆ ಅಚ್ಚು ಹಾಕಬಾರದು ಎನ್ನುವ ನಿವೃತ್ತ ಮೇಷ್ಟ್ರು ಅವರು.

"ಆ ನೀಲಿ ಜೋಡಿಹಕ್ಕಿ ಇವತ್ತಾದ್ರೂ ಕೊಡ್ತೀರೋ, ಇಲ್ಲ ಎದೆ ಮೇಲಿಟ್ಕೊಂಡು ಹೋಗ್ತೀರೋ?"

"ಅದು ಮಾತು ಕೊಟ್ಟಿದ್ದು ಮೇಷ್ಟ್ರೇ. ಈ ಗುಬ್ಬಿ ನೋಡಿ."

"ಗುಬ್ಬೀನೇ ತೋರಿಸ್ತಾ ಇರಿ ನೀವು," ಎಂದು ಗೊಣಗುತ್ತಾ ಮೇಷ್ಟ್ರು ಬಿದ್ದ ಕನ್ನಡಕ ಹೆಕ್ಕಲು ಬಗ್ಗಿದರು. ಎದ್ದಾಗ ಅವರ ಕೈಯಲ್ಲಿ ಕನ್ನಡಕದ ಜೊತೆ, ಅರೆತೆರೆದ ಕೆಳಗಿನ ಡ್ರಾಯರಿನಿಂದ ಎತ್ತಿದ ಒಂದು ಲಕೋಟೆಯೂ ಇತ್ತು. "ಅಯ್ಯೋ ಮಹಾರಾಯ! ಮಿಂಚುಳ್ಳಿ! ಅದೂ ಒಡೆಯದ ಲಕೋಟೆ ಮೇಲೆ! ಇಂಥದ್ದನ್ನ ನೆಲದ ಹತ್ರ ಬಚ್ಚಿಟ್ಟಿದ್ದೀರಲ್ಲ, ಪಾಪ ತಟ್ಟುತ್ತೆ ನಿಮಗೆ!"

ಒಳಬಾಗಿಲಲ್ಲಿ ಅತ್ತೆ ನಿಂತುಬಿಟ್ಟರು. ಚಿಮಟದ ತುದಿಯ ಹಡಗಿನ ಚೀಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮಾಮ ಲಕೋಟೆಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡರು. ಅದರ ಬಾಯಿಯ ಅಂಚನ್ನು ಬೆರಳಿನಿಂದ ಸವರಿ, ಗಿರಾಕಿಗೆ ಹೇಳುವ ಅದೇ ದನಿಯಲ್ಲಿ, "ಇದು ಒಡೆಯದ್ದಲ್ಲ ಮೇಷ್ಟ್ರೇ. ಆವಿ ಹಿಡಿಸಿ ಬಿಚ್ಚಿದ್ದಾರೆ. ಮತ್ತೆ ಅಂಟಿಸಿರೋದು ಮೈದಾ. ಒಡೆಯದ್ದು ಅಂತ ಮಾರಿದ್ರೆ ನನ್ನ ಬಾಯಿಗೆ ಹುಳ ಬೀಳುತ್ತೆ" ಎಂದರು.

"ಡ್ರಾಯರಲ್ಲಿ ಉಳಿದವು?"

"ಹನ್ನೊಂದೂ ಹಾಗೇ."

"ಹೋಗ್ಲಿ, ಒಡೆದಿದ್ದು ಅಂತಾನೇ ಕೊಡಿ."

"ಕೊಡಲ್ಲ."

ಮೇಷ್ಟ್ರು ಅವರ ಮುಖ ನೋಡಿದರು, ಬಾಗಿಲಲ್ಲಿದ್ದ ಅತ್ತೆಯ ಮುಖ ನೋಡಿದರು. ಮಕ್ಕಳಿಗೆ ಪಾಠ ಹೇಳಿದವರಿಗೆ ಅಷ್ಟು ಸಾಕು. "ಗುಬ್ಬಿ ಚೆನ್ನಾಗಿದೆ ಬಿಡಿ," ಎಂದು ಚಪ್ಪಲಿ ಮೆಟ್ಟಿದರು.

ಗೇಟು ಮುಚ್ಚಿದ ಸದ್ದಾಯಿತು.

"ಯಾವಾಗಿನಿಂದ ಗೊತ್ತು?" ಅತ್ತೆ ಕೇಳಿದರು.

"ಮೊದಲನೇದರಿಂದ. ಮೂವತ್ತು ವರ್ಷ ಗೋಂದು ನೋಡಿ ಬದುಕಿದವನು ಕಣೇ ನಾನು. ಮೈದಾದಲ್ಲಿ ಗಂಟು ಬೇರೆ ಬಿಟ್ಟಿರ್ತೀಯ."

"ಮತ್ತೆ ಯಾಕೆ ಬೈಲಿಲ್ಲ?"

"ಬೈದ್ರೆ ನೀನು ಓದೋದು ನಿಲ್ಲಿಸ್ತಿದ್ದೆ."

ಅತ್ತೆಗೆ ಆಗ ಹೊಳೆಯಿತು: ಹದಿನಾಲ್ಕರಲ್ಲಿ ಹದಿಮೂರು ಡ್ರಾಯರಿಗೆ ಬೀಗವಿತ್ತು. ಗೇಟಿನ ಬಳಿಯ ಆ ಎರಡು ಕೆಮ್ಮು ನೆಗಡಿಯದ್ದಲ್ಲ.

"ನಾನು ಊಟಕ್ಕೆ ಕೂತು ನಿನ್ನ ಮುಖ ಓದ್ತಿದ್ದೆ," ಮಾಮ ಲಕೋಟೆ ನೋಡುತ್ತಲೇ ಹೇಳಿದರು. "ಸಾರಿಗೆ ಉಪ್ಪು ಜಾಸ್ತಿ ಆದ್ರೆ ಅವಳಿಗೇನೋ ಕಷ್ಟ ಅಂತ. ಹೋದ ವರ್ಷ ಒಂದಿನ ಹಾಡು ಗುನುಗ್ತಾ ಬಡಿಸಿದೆಯಲ್ಲ, ಏನಾಗಿತ್ತು?"

"ಮಗು ಹುಟ್ಟಿತ್ತು ರೀ."

ಮಾಮ ಕುರ್ಚಿಗೆ ಕೈ ಊರಿ ಕೂತರು. ಕಿಟಕಿಯ ಹೊರಗೆ ಸೈಕಲ್ಲೊಂದು ಬೆಲ್ ಹೊಡೆದು ಹೋಯಿತು.

"ಹೇಳಬಾರದಿತ್ತಾ..."

"ನೀವು ಕೇಳಬಾರದಿತ್ತಾ?" ಅತ್ತೆಯ ದನಿ ಏರಿತು. "ಆಡಿದ ಬಾಯಿ ನಿಮ್ಮದು, ಬೀಗ ನನ್ನ ಬಾಯಿಗಾ? ತಿಂಗಳ ಕೊನೆಗೆ ಅವರು ಊರು ಬಿಡ್ತಾರಂತೆ. ನೀವಾಗಿ ಕೇಳಿದ್ರೇನೇ ವಿಳಾಸ ಕೊಡ್ತಾಳಂತೆ. ಇಲ್ಲದಿದ್ರೆ ಇದೇ ಕೊನೆ."

"ಅವಳು ಇನ್ನೊಂದು ಸಲ ಹೇಳಿ ನೋಡಿದ್ದಿದ್ರೆ..."

"ಹೇಳಿದ್ಲು. ಮೂರು ಸಲ ಹೇಳಿದ್ಲು. ನೀವು ಚೀಟಿ ಹಲ್ಲು ಎಣಿಸ್ತಾ ಕೂತಿದ್ರಿ."

ಮಾಮ ತಲೆ ತಗ್ಗಿಸಿದರು. "ನಾಲ್ಕು ಜನರ ಮುಂದೆ ಮಗಳಿಲ್ಲ ಅಂದವನು. ಉಗುಳಿದ್ದನ್ನ ಹೆಂಗೆ ನುಂಗಲಿ?"

"ಆ ನಾಲ್ಕು ಜನ ಎಲ್ಲಿದ್ದಾರೆ ಈಗ? ಒಬ್ಬರು ತೀರ್ಕೊಂಡ್ರು. ಒಬ್ಬರು ಮನೆ ಖಾಲಿ ಮಾಡ್ಕೊಂಡು ಹೋದ್ರು. ಇನ್ನೊಬ್ಬರು ಮೊನ್ನೆ ಸಿಕ್ಕಿ 'ನಿಮ್ಮ ಮಗಳು ಚೆನ್ನಾಗಿದ್ದಾಳಾ' ಅಂತ ಕೇಳಿದ್ರು, ನೆನಪೇ ಇಲ್ಲ ಅವರಿಗೆ." ಅತ್ತೆ ಕಣ್ಣೊರೆಸಿಕೊಂಡರು. "ನಾಲ್ಕನೆಯವಳು ನಾನೇ. ನನಗೆ ಹೆದರ್ತಿದ್ದೀರಾ?"

ಮಾಮ ಎದ್ದರು. ಹನ್ನೊಂದು ಲಕೋಟೆಗಳನ್ನೂ ಮೇಜಿಗೆ ತಂದು, ಬೋಗುಣಿ ಪಕ್ಕಕ್ಕೆ ಸರಿಸಿ, ಮೊದಲನೆಯದರಿಂದ ಓದತೊಡಗಿದರು. ಬಟ್ಟೆಯ ಮೇಲಿನ ಚೀಟಿಗಳು ಪೂರ್ತಿ ಒಣಗಿ ಮುದುರಿಕೊಂಡರೂ ಅವರು ತಲೆ ಎತ್ತಲಿಲ್ಲ. ಅತ್ತೆಯೂ ಅವನ್ನು ಎತ್ತಲಿಲ್ಲ.

ಸಂಜೆಯ ಬೆಳಕು ಮೇಜಿನ ಅಂಚಿಗೆ ಬಂದಾಗ ಅವರು ಒಂದು ಹಾಳೆ ತೆಗೆದುಕೊಂಡರು. ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಕೊನೆಗೆ ಉಳಿದದ್ದು ಎರಡೇ ಸಾಲು: "ಹೊಸ ವಿಳಾಸ ಕಳಿಸು. ಮಗುವಿಗೆ ಏನೆಂದು ಹೆಸರಿಟ್ಟೆ?"

"ಬಾಯಿ ಅಂಟಿಸಿಲ್ಲ. ನಿಂದೂ ಬರಿ," ಎಂದು ಲಕೋಟೆಯನ್ನು ಹೆಂಡತಿಯ ಕಡೆ ನೂಕಿದರು. "ಆಮೇಲೆ ಗೋಂದಲ್ಲಿ ಅಂಟಿಸು. ಮೈದಾ ಬೇಡ."

ಅತ್ತೆ ಬರೆದು ಮುಗಿಸಿದ ಮೇಲೆ, ಅಂಚೆಗೆ ಬೇಕಾದ ಚೀಟಿಗಳನ್ನು ಮಾಮ ಒದ್ದೆ ಸ್ಪಂಜಿಗೆ ಒತ್ತಿ ಅಂಟಿಸಿದರು. ಆಮೇಲೆ ಮೇಲಿನ ಡ್ರಾಯರಿನ ಬೀಗ ತೆಗೆದರು. ಪಾರದರ್ಶಕ ಚೀಲದಿಂದ ನೀಲಿ ಜೋಡಿಹಕ್ಕಿ ಹೊರಗೆ ಬಂತು.

ಅತ್ತೆ ಸ್ಪಂಜು ಮುಂದೆ ಸರಿಸಿದರು. ಮಾಮ ಅದನ್ನು ಮುಟ್ಟಲಿಲ್ಲ. ಚೀಟಿಯನ್ನು ತಿರುಗಿಸಿ, ಒಮ್ಮೆ ಬೆಳಕಿಗೆ ಹಿಡಿದು, ನಾಲಿಗೆ ಚಾಚಿ ನೆಕ್ಕಿದರು. ಲಕೋಟೆಯ ಮೂಲೆಗೆ ಹಚ್ಚಿ, ಹೆಬ್ಬೆರಳಿನಿಂದ ಒತ್ತಿ, ಬಹಳ ಹೊತ್ತು ಹಾಗೇ ಹಿಡಿದುಕೊಂಡರು.

ಆಮೇಲೆ ಮುಖ ಹುಳ್ಳಗೆ ಮಾಡಿದರು.

"ಕಹಿ ಕಣೇ ಇದು. ಸಿಹಿ ಇದೆ ಅಂದಿದ್ಲಲ್ಲ, ಸುಳ್ಳಿ. ಬರಲಿ, ಕೇಳ್ತೀನಿ."