ಬಡಪಾಯಿಯ ಜಾಮೀನು

ಗುರುತಿನವರೆಲ್ಲ ಅವನನ್ನು ಬಡಪಾಯಿ ಅಂತಲೇ ಕರೆಯುತ್ತಿದ್ದರು. ಹಾಗಂತ ಅವನೇನು ಬಡವನಲ್ಲ ಮಾರಾಯರೇ! ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್, ಕೈತುಂಬ ಸಂಬಳ. ಆದರೆ ಪರದೇಶಕ್ಕೆ ಬಂದ ಹೊಸದರಲ್ಲೇ ಅವನೊಂದು ಉಪಾಯ ಕಂಡುಕೊಂಡಿದ್ದ. ಎದುರಿನವರು ಬಾಯಿ ತೆರೆಯುವ ಮೊದಲೇ ತಾನು ಅತ್ತುಬಿಟ್ಟರೆ ಅವರು ಕೈ ಚಾಚುವುದಿಲ್ಲ. ಅಂದಿನಿಂದ ಅದೇ ರಾಗ. ಮನೆ ಓನರಮ್ಮ ಬಾಡಿಗೆ ಏರಿಸಲು ಮೆಟ್ಟಿಲು ಹತ್ತಿದರೆ ಈತ ಹರಿದ ಬನಿಯನ್ ಹುಡುಕಿ ಹಾಕಿಕೊಂಡು ಬಾಗಿಲು ತೆರೆಯುತ್ತಿದ್ದ. ಹೆಂಡತಿಯ ತಮ್ಮ ಸಾಲ ಕೇಳಲು ಬಂದರೆ, ಅವನು ಕೂರುವುದರೊಳಗೆ ಈತನೇ ಅವನ ಹತ್ತಿರ ಸಾಲ ಕೇಳುತ್ತಿದ್ದ. ಸೂಪರ್‌ವೈಸರಂತೂ ಪಾಪ ಅಂದುಕೊಂಡು ಭಾನುವಾರದ ಓವರ್‌ಟೈಮನ್ನೆಲ್ಲ ಇವನಿಗೇ ಕೊಡುತ್ತಿದ್ದರು.

ಹೀಗೆ ಸುಖವಾಗಿ ಅಳುತ್ತಿದ್ದವನು ಪೇಚಿಗೆ ಸಿಕ್ಕಿಕೊಂಡದ್ದು ಡುಮ್ಮನಿಂದ.

ಡುಮ್ಮ ಇವನ ಬಾಲ್ಯದ ಗೆಳೆಯ. ಊರಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡಿಕೊಂಡಿದ್ದ. ಅವನು ಬಂದರೆ ಕೆಲಸ ನೋಡೋಣ ಅಂತ ಇಲ್ಲಿನ ಬಟ್ಟೆ ಕಾರ್ಖಾನೆಯವರು ಅಂದಿದ್ದರು. ಆದರೆ ವೀಸಾ ಸಿಗಬೇಕಾದರೆ ಇಲ್ಲಿರುವವರು ಯಾರಾದರೂ ಜಾಮೀನು ನಿಲ್ಲಬೇಕು. ಎರಡು ವರ್ಷ ಅವನ ಊಟ, ವಸತಿ, ಆಸ್ಪತ್ರೆ ಎಲ್ಲ ಜಾಮೀನು ನಿಂತವನ ತಲೆಗೆ. ಕೆಲಸ ಸಿಗದಿದ್ದರೆ ವಾಪಸು ಕಳಿಸುವ ಟಿಕೆಟ್ಟೂ ಅವನದೇ.

"ಲೋ, ಆಗುತ್ತೇನೋ ನಿನ್ ಕೈಲಿ?" ಅಂತ ಡುಮ್ಮ ಫೋನಿನಲ್ಲಿ ಕೇಳಿದ. "ಆಗಲ್ಲ ಅಂದ್ರೆ ನಂಗೇನೂ ಬೇಜಾರಿಲ್ಲ ಕಣೋ. ನಿನ್ ಕಷ್ಟ ನಂಗೊತ್ತಿಲ್ವಾ?"

ಅಳುವುದಕ್ಕೆ ಇದಕ್ಕಿಂತ ಒಳ್ಳೆ ಅವಕಾಶ ಬೇಕೆ? ಆದರೆ ಬಡಪಾಯಿಗೆ ಬಾಯೇ ಬರಲಿಲ್ಲ. ಡುಮ್ಮನ ಜೊತೆ ಫೋನಿನಲ್ಲಿ ಹರಟಿದ ದಿನ, ಲಿಫ್ಟಿನ ತಳದ ಗುಂಡಿಯೊಳಗೆ ಮೈಯೆಲ್ಲ ಗ್ರೀಸ್ ಮೆತ್ತಿಕೊಂಡು ನಿಂತಿದ್ದರೂ ಅವನು ಒಬ್ಬನೇ ನಗುತ್ತಿದ್ದ. ಡುಮ್ಮ ಬರಲೇಬೇಕು ಅನ್ನಿಸಿತು.

"ಬಾಯ್ ಮುಚ್ಕೊಂಡು ಪಾಸ್‌ಪೋರ್ಟ್ ಕಳ್ಸೋ," ಅಂದ.

ವೀಸಾ ಆಫೀಸಿನವರು ಮೂರು ಪತ್ರ ಕೇಳಿದರು. ಕೆಲಸದ ಕಡೆಯಿಂದ ಒಂದು, ಮನೆ ಓನರಿಂದ ಒಂದು, ನೆಂಟರಿಂದ ಒಂದು. ಮೂವರೂ ಬರೆಯಬೇಕಾದದ್ದು ಒಂದೇ: ಈತ ಅನುಕೂಲಸ್ಥ, ಇನ್ನೊಬ್ಬನನ್ನು ಸಾಕಬಲ್ಲ. ಬಡಪಾಯಿ ಇಷ್ಟು ದಿನ ಅತ್ತದ್ದು ಆ ಮೂವರ ಮುಂದೆಯೇ!

ಸೂಪರ್‌ವೈಸರ್ ಕಟ್ಟಡದ ತುದಿಯ ಮೋಟಾರು ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದರು. "ಅನುಕೂಲಸ್ಥರಾ? ನೀವಾ? ಹೋದ ವಾರ ತಾನೇ ಮನೇಲಿ ಒಂದೇ ಹೊತ್ತು ಊಟ ಅಂದ್ರಲ್ರೀ! ನನ್ ಡಬ್ಬೀಲಿ ಅರ್ಧ ತಿಂದ್ರಿ!"

"ಅದು... ತೂಕ ಇಳಿಸೋಕೆ ಡಾಕ್ಟ್ರು ಹೇಳಿದ್ರು ಸಾರ್," ಅಂತ ಬಡಪಾಯಿ ಹಲ್ಲು ಕಿರಿದ.

ಸೂಪರ್‌ವೈಸರ್ ಡಬ್ಬಿ ಮುಚ್ಚಿಟ್ಟು ಪತ್ರ ಬರೆದುಕೊಟ್ಟರು. ಮುಂದಿನ ಭಾನುವಾರದಿಂದ ಓವರ್‌ಟೈಮ್ ಬೇರೆಯವರ ಪಾಲಾಯಿತು.

ಓನರಮ್ಮನ ಮನೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಆಕೆ ಅಡಿಯಿಂದ ಮುಡಿಯವರೆಗೆ ನೋಡಿ, "ಅಯ್ಯೋ, ನಿಮ್ ಹತ್ರ ಅಂಗಿ ಇತ್ತಾ?" ಅಂದರು. ಪತ್ರ ಬರೆದ ಪೆನ್ನಿನಲ್ಲೇ ಹೊಸ ಬಾಡಿಗೆಯನ್ನೂ ಬರೆದರು.

ಹಳೇ ಕಾರು ಮಾರುವ ಭಾವಮೈದನದು ಇನ್ನೂ ಸಲೀಸು. "ಬರೀತೀನಿ ಭಾವ, ಅದ್ಕೇನಂತೆ! ಆದ್ರೆ ಇಷ್ಟು ಅನುಕೂಲಸ್ಥರು ನಂಗೆ ಕೈಸಾಲ ಕೊಡ್ಲಿಲ್ಲ ಅಂದ್ರೆ ಆಫೀಸ್ನೋರು ನಗಲ್ವಾ?" ಸಾಲ ಕೈಗೆ ಬಂದ ಮೇಲೇ ಸಹಿ ಬಿತ್ತು.

ಹೆಂಡತಿ ಬಟ್ಟೆ ಅಂಗಡಿಯಲ್ಲಿ ಉದ್ದದ ಪ್ಯಾಂಟು ಗಿಡ್ಡ ಮಾಡುವ ಕೆಲಸದವಳು. ಈ ತಮಾಷೆಯನ್ನೆಲ್ಲ ಸೂಜಿಗೆ ದಾರ ಪೋಣಿಸುತ್ತ ನೋಡುತ್ತಿದ್ದಳು. "ರೀ, ಅನುಕೂಲಸ್ಥರ ಹೆಂಡ್ತಿ ಈ ಸವೆದ ಚಪ್ಲೀಲಿ ಬಂದ್ರೆ ಯಾರ್ ನಂಬ್ತಾರೆ?" ಅಂದಳು. ಚಪ್ಪಲಿಯೂ ಬಂತು.

ಕೊನೆಗೆ ಗಂಡ ಹೆಂಡತಿ ಇಬ್ಬರೂ ವೀಸಾ ಅಧಿಕಾರಿಯ ಮುಂದೆ ಕೂತರು. ಕಿಟಕಿಯಿಲ್ಲದ ಸಣ್ಣ ಕೋಣೆ, ಪ್ಲಾಸ್ಟಿಕ್ ಕುರ್ಚಿ. ಅಧಿಕಾರಿ ಪತ್ರಗಳನ್ನು ಓದಿ, ಬ್ಯಾಂಕಿನ ಕಾಗದ ನೋಡಿ, ಕನ್ನಡಕ ತೆಗೆದಿಟ್ಟರು.

"ಪತ್ರಗಳೇನೋ ಚೆನ್ನಾಗಿವೆ. ಆದ್ರೆ ಓವರ್‌ಟೈಮ್ ನಿಂತಿದೆ, ಬಾಡಿಗೆ ಏರಿದೆ, ಯಾರಿಗೋ ಸಾಲ ಬೇರೆ ಕೊಟ್ಟಿದ್ದೀರಿ. ಈಗ ಉಳಿಯೋದು ಇಬ್ಬರಿಗೆ ಸಾಕು, ಮೂರನೆಯವರಿಗೆ ಸಾಲದು. ಹೋದ ತಿಂಗಳು ಬಂದಿದ್ರೆ ಕಣ್ಮುಚ್ಚಿ ಕೊಡ್ತಿದ್ದೆ."

ನೋಡಿ ಇವನ ಗ್ರಹಚಾರ! ಶ್ರೀಮಂತ ಅಂತ ತೋರಿಸಲು ಹೋಗಿ ನಿಜವಾಗಿಯೂ ಬಡಪಾಯಿ ಆಗಿ ಕೂತಿದ್ದ.

"ಅವರು ನಿಮ್ಮ ಅಣ್ಣನಲ್ಲ, ತಮ್ಮನಲ್ಲ," ಅಂದರು ಅಧಿಕಾರಿ. "ಇಷ್ಟೆಲ್ಲ ಹೊರೆ ಯಾಕೆ ಹೊತ್ಕೋತೀರಿ?"

ಬಡಪಾಯಿ ಅಭ್ಯಾಸಬಲದಿಂದ ಮುಖ ಸಣ್ಣದು ಮಾಡಿಕೊಂಡ. ಆದರೆ ಹಳೇ ರಾಗ ಹೊರಡಲಿಲ್ಲ. "ಸಾರ್, ಇಲ್ಲಿ ಗುರುತಿನವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೋದು ಕಂಡ್ರೆ ರಸ್ತೆ ದಾಟ್ತಾರೆ. ನನ್ನ 'ಲೋ' ಅಂತ ಕರೆಯೋರು ಒಬ್ರೂ ಇಲ್ಲ ಸಾರ್." "ಅವನು ಬಂದ್ರೆ ಕರೀತಾನೆ."

ಅಧಿಕಾರಿ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಕೆಲಸ ನೆನಪಾದವರಂತೆ ಕೇಳಿದರು, "ಇದಕ್ಕೇನಾದ್ರೂ ದಾಖಲೆ ಇದೆಯಾ?"

ಹೆಂಡತಿ ಕುರ್ಚಿ ಮುಂದೆಳೆದುಕೊಂಡಳು. "ನಾನಿದ್ದೀನಲ್ಲ ಸಾರ್, ದಾಖಲೆ! ಮದುವೆ ಆದಾಗಿಂದ ಇವರ ಲಿಫ್ಟಿನ ಕಥೆ, ಬಡತನದ ಕಥೆ, ಚಿಕ್ಕಂದಿನ ಕಥೆ, ಎಲ್ಲಾನೂ ಒಬ್ಳೇ ಕೇಳಿದೀನಿ. ಸಾಕಾಗೋಗಿದೆ ಸಾರ್. ಮೂರನೆಯವರ ಊಟಕ್ಕೆ ಕಮ್ಮಿ ಬಿದ್ರೆ ನನ್ ಸಂಬಳಾನೂ ಸೇರಿಸ್ಕೊಳ್ಳಿ, ನಾನೂ ಜಾಮೀನು ನಿಲ್ತೀನಿ. ಆ ಡುಮ್ಮನ್ನ ಮಾತ್ರ ಕರೆಸ್ಕೊಟ್ಬಿಡಿ, ನಿಮ್ ದಮ್ಮಯ್ಯ!"

ಅಧಿಕಾರಿ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಆ ಡುಮ್ಮ ಮಾತಾಡೋರಾ, ಕೇಳೋರಾ?"

"ಕೇಳ್ತಾನೆ ಸಾರ್," ಅಂದ ಬಡಪಾಯಿ. "ಮಧ್ಯೆ ಮಧ್ಯೆ ನಗ್ತಾನೆ."

ಅಧಿಕಾರಿ ಜಾಮೀನಿನ ಕಾಗದ ತಿರುಗಿಸಿ ಇಬ್ಬರ ಮುಂದಿಟ್ಟರು. ಬಡಪಾಯಿ ಜೇಬಿನಲ್ಲಿ ಪೆನ್ನು ತಡಕುವಷ್ಟರಲ್ಲಿ ಹೆಂಡತಿಯ ಸಹಿ ಬಿದ್ದಾಗಿತ್ತು.