ಏಕಾದಶಿಯ ದಿನ ತೆಗೆದ ನಳಿಗೆ

ನಮ್ಮ ಭಾವ ವೆಂಕಟಸುಬ್ಬಯ್ಯನವರಂಥ ಹಟಮಾರಿಯನ್ನು ನಾನು ಈ ಮುಂಬಯಿಯಲ್ಲಿ ಇನ್ನೊಬ್ಬರನ್ನು ಕಂಡಿಲ್ಲ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಎರಡು ವರ್ಷ ಒದ್ದಾಡಿದರು. ಜೋಗೇಶ್ವರಿಯಿಂದ ಮಾಟುಂಗಕ್ಕೆ ಹೊರಟರೆ ಬಾಂದ್ರಾದಲ್ಲೇ ಲೋಕಲ್ ಇಳಿದು ಶೌಚಾಲಯಕ್ಕೆ ಓಡುತ್ತಿದ್ದರು. ಆದರೂ ನಮ್ಮಕ್ಕ ರಮಾಮಣಿಯ ಹತ್ತಿರ ಕೂಡ ಬಾಯಿ ಬಿಡಲಿಲ್ಲ.

ಕೊನೆಗೆ ಮೂತ್ರವೇ ಕಟ್ಟಿಕೊಂಡಿತು. ಅದು ತೊಂಬತ್ಮೂರನೆಯ ಇಸವಿ. ಆಸ್ಪತ್ರೆಯಲ್ಲಿ ಹೊಸದಾಗಿ ಬಂದಿದ್ದ ಲೇಸರ್ ಚಿಕಿತ್ಸೆ ಮಾಡಿದರು. ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಲ್ಲೇ ಸಣ್ಣ ತಂತಿ ತೂರಿಸಿ ಗ್ರಂಥಿಯನ್ನು ಸುಟ್ಟರು. ಊತ ಇಳಿಯುವವರೆಗೂ ಮೂತ್ರ ಹೋಗಲು ನಳಿಗೆ ಹಾಕಿದ್ದರು.

ಏಳನೆಯ ದಿನ ಬೆಳಿಗ್ಗೆ ನಳಿಗೆ ತೆಗೆದ ಡಾಕ್ಟರು, "ಖೂಬ್ ಪಾನಿ ಪೀಜಿಯೇ", ಚೆನ್ನಾಗಿ ನೀರು ಕುಡಿಯಿರಿ ಎಂದರು. ಸಂಜೆ ಐದರೊಳಗೆ ಮೂತ್ರವಾಗದಿದ್ದರೆ ಮತ್ತೆ ನಳಿಗೆ. ಆ ಮಾತಿಗೆ ಭಾವನ ಮುಖ ಬಿಳಿಚಿಕೊಂಡಿತು. ನಾನು ಹೂಜಿ ತುಂಬಿಟ್ಟೆ. ಅದು ಖಾಲಿಯಾದ ಹಾಗೆಲ್ಲ ತುಂಬಿದೆ.

ಮೂರು ಗಂಟೆಗೆ ಸಿಸ್ಟರ್ ಬಂದು ಹೊಟ್ಟೆ ಒತ್ತಿ ನೋಡಿ, "ಅಂದರ್ ಕುಛ್ ನಹೀಂ. ಪಾನಿ ಪಿಯಾ ಕಿ ನಹೀಂ?" ಒಳಗೇನೂ ಇಲ್ಲ, ನೀರು ಕುಡಿದಿರೋ ಇಲ್ಲವೋ ಎಂದು ಗದರಿಸಿದಳು.

ಭಾವ ತಲೆ ತಗ್ಗಿಸಿದರು. "ಇವತ್ತು ಏಕಾದಶಿ ಕಣೋ ನಾಣಿ. ನೀನು ಆಚೆ ಹೋದಾಗೆಲ್ಲ ನೀರು ಬೇಸಿನ್ನಿಗೆ ಚೆಲ್ದೆ. ಅಮ್ಮ ಸಾಯೋವಾಗ ಮಾತು ಕೊಟ್ಟಿದೀನಿ. ಮೂವತ್ತು ವರ್ಷದಿಂದ ಈ ದಿನ ಒಂದು ಹನಿ ಮುಟ್ಟಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮಮ್ಮ ಇದ್ದಿದ್ರೆ ಅವರೇ ಬಾಯಿಗೆ ಹುಯ್ತಿದ್ರು!" ಎಂದು ಕೂಗಾಡಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಬಂದಳು. ಅವಳದ್ದೂ ಅದೇ ವ್ರತ. ಲೋಟಕ್ಕೆ ನೀರು ಬಗ್ಗಿಸಿಕೊಂಡಳು. ಜನ್ಮವಿಡೀ ಎತ್ತಿ ಕುಡಿದವಳು, ಇವತ್ತು ಕಚ್ಚಿಕೊಂಡೇ ಅರ್ಧ ಕುಡಿದು ಲೋಟವನ್ನು ಅವರ ಮುಂದೆ ಹಿಡಿದಳು.

"ನನ್ನ ವ್ರತ ಕೆಟ್ಟಿತು. ಈಗ ನೀವು ಕುಡೀರಿ."

"ಎಂಜಲು ಮಾಡಿದೆಯಲ್ಲೇ!"

"ನಲವತ್ತು ವರ್ಷ ನಿಮ್ಮ ಎಂಜಲೆಲೇಲಿ ಉಂಡಿದೀನಿ. ನಿಮಗೆ ಆ ನಳಿಗೆ ಹಾಕೋವಾಗ ಕೂಗಿದ್ರಲ್ಲ, ಅದನ್ನ ಇನ್ನೊಂದ್ಸಲ ಕೇಳೋ ಶಕ್ತಿ ನನಗಿಲ್ಲ. ಪಾಪ ಬಂದ್ರೆ ಇಬ್ಬರಿಗೂ ಬರ್ಲಿ."

ಭಾವ ಎದ್ದು ಕೂತು ಲೋಟ ತೆಗೆದುಕೊಂಡರು. ಆಮೇಲೆ ಇನ್ನೂ ನಾಲ್ಕು ಲೋಟ ಕುಡಿದರು.

ಐದಕ್ಕೆ ಹತ್ತು ನಿಮಿಷವಿದ್ದಾಗ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದರು. ಮೊದಲು "ಅಯ್ಯಮ್ಮಾ" ಎಂದು ನರಳಿದ್ದು ಕೇಳಿತು. ಸ್ವಲ್ಪ ಹೊತ್ತಿಗೆ ನೀರು ಬಿದ್ದ ಸದ್ದು. ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ನಾನೂ ಅತ್ತೆ, ನಾಚಿಕೆಯೇನು ಬಂತು.

ಭಾವ ಹೊರಗೆ ಬಂದು ಮಂಚದ ಮೇಲೆ ಕೂತರು.

"ಇನ್ನೊಂದು ಲೋಟ ಕೊಡೇ," ಎಂದರು. "ಮೊದಲು ನೀನು ಕುಡಿ."