ಹೂವಿಗೆ ಸಾಕ್ಷಿ ನಾನು

ನನ್ನ ಬಾಯಿ ಹರಿತ. ಇದನ್ನು ನಾನೇ ಮೊದಲು ಹೇಳಿಬಿಟ್ಟರೆ ಬೇರೆಯವರಿಗೆ ಶ್ರಮ ತಪ್ಪುತ್ತದೆ. ಬಟ್ಟೆ ಆಲ್ಟರ್ ಮಾಡುವ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ಪ್ಯಾಂಟು ಬಿಗಿಯಾಯಿತೆಂದು ಬಂದವರಿಗೆ, "ಬಟ್ಟೆ ಕುಗ್ಗಿಲ್ಲ, ನೀವೇ ಹಿಗ್ಗಿದ್ದೀರಿ" ಎಂದು ಮುಖಕ್ಕೇ ಹೇಳಿದ್ದೇನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನಗಿನ್ನೂ ಯಾರೂ ಒದ್ದಿಲ್ಲ. ಹೊಲಿಗೆ ಚೆನ್ನಾಗಿದೆಯಲ್ಲ, ಬೈದುಕೊಂಡಾದರೂ ಮತ್ತೆ ನನ್ನ ಹತ್ತಿರವೇ ಬರುತ್ತಾರೆ.

ಸೊಸೆ ಬಂದ ಹೊಸದರಲ್ಲಿ ಅವಳ ಮೊದಲ ಅಡುಗೆ ಬಾಯಿಗಿಟ್ಟು, "ಉಪ್ಪಿನ ಡಬ್ಬಿ ಪೂರ್ತಿ ಖಾಲಿ ಆಯ್ತಾ, ಇನ್ನೂ ಸ್ವಲ್ಪ ಉಳಿದಿದೆಯಾ?" ಎಂದು ಕೇಳಿದ್ದೆ. ಮಗ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಸೊಸೆ ತಾನೂ ಒಂದು ತುತ್ತು ತಿಂದು ನೋಡಿ, "ಹೌದತ್ತೆ, ಜಾಸ್ತಿನೇ ಆಗಿದೆ" ಎಂದು ನಕ್ಕಳು. ಅವತ್ತೇ ಅವಳು ನನಗೆ ಹಿಡಿಸಿದಳು. ಅಂದಿನಿಂದ ಉಡುಪು ಒಪ್ಪುತ್ತದಾ, ಕೂದಲು ಕತ್ತರಿಸಿದ್ದು ಸರಿಯಾಗಿದೆಯಾ ಎಂದು ಎಲ್ಲದಕ್ಕೂ ನನ್ನನ್ನೇ ಕೇಳುತ್ತಾಳೆ. ಗಂಡನನ್ನು ಕೇಳಿ ಪ್ರಯೋಜನವಿಲ್ಲ. ದೂರದೂರಿನ ಬಸ್ಸು ಓಡಿಸುವ ನನ್ನ ಮಗ ವಾರಕ್ಕೆ ಎರಡು ದಿನ ಮನೆಯಲ್ಲಿರುತ್ತಾನೆ. ಆ ಎರಡು ದಿನವೂ ಎಲ್ಲದಕ್ಕೂ "ಸೂಪರ್" ಅನ್ನುತ್ತಾನೆ.

ಸೊಸೆಯದು ಸಾಬೂನು ಕಾರ್ಖಾನೆಯಲ್ಲಿ ಪರಿಮಳ ಬೆರೆಸುವ ಕೆಲಸ. ಉದ್ದನೆಯ ಕಾಗದದ ಪಟ್ಟಿಯನ್ನು ಸುಗಂಧದ ಎಣ್ಣೆಯಲ್ಲಿ ಅದ್ದಿ, ಮೂಗಿನ ಮುಂದೆ ಒಮ್ಮೆ ಆಡಿಸಿ, "ನಿಂಬೆ ಒಂದು ಹನಿ ಹೆಚ್ಚಾಗಿದೆ" ಎಂದು ಹೇಳುವವಳು. ಅಲ್ಲಿ ಅವಳಿಗೆ "ಮೂಗು ಮೇಡಂ" ಎಂದೇ ಹೆಸರು. ಮನೆಗೆ ಬಂದ ಮೇಲೂ ಆ ಮೂಗಿಗೆ ಬಿಡುವಿಲ್ಲ. ಅಡುಗೆಮನೆಯ ಕಿಟಕಿಯ ಉದ್ದಕ್ಕೂ ಆರ್ಕಿಡ್ ಕುಂಡಗಳು. ಅದರಲ್ಲೂ ಘಮವಿರುವ ಜಾತಿ ಮಾತ್ರ. ಬಣ್ಣಕ್ಕೆ ಮರುಳಾಗಿ ತಂದದ್ದು ಒಂದೂ ಇಲ್ಲ. ಒಂದು ಸಣ್ಣ ಕೆಂಪು ಹೂವಿನದು, ತೆಂಗಿನಕಾಯಿ ಒಡೆದಂತೆ ವಾಸನೆ. ಇನ್ನೊಂದು ಬಿಳಿ ನಕ್ಷತ್ರದ ಹಾಗಿದ್ದು, ಹಗಲೆಲ್ಲ ಸುಮ್ಮನಿದ್ದು ಕತ್ತಲಾಗುವ ಹೊತ್ತಿಗೆ ಘಮಘಮಿಸುತ್ತಿತ್ತು. ಇಬ್ಬರೂ ಕೆಲಸದಿಂದ ಬಂದು, ಟೀ ಲೋಟ ಹಿಡಿದು, ಆ ಬಿಳಿ ಹೂವಿನ ಪಕ್ಕ ಕುರ್ಚಿ ಎಳೆದುಕೊಂಡು ಕೂರುವುದು ನಮ್ಮ ಅಭ್ಯಾಸ. ಹೂವು ಮೂಸುವುದೆಂದರೆ ಸಂಜೆಯ ಕೆಲಸ ಎಂದು ನನ್ನ ತಲೆಯಲ್ಲಿ ಕೂತದ್ದು ಹಾಗೆ.

ಎರಡು ವರ್ಷದ ಹಿಂದೆ ಗಿಡ ಮಾರುವವನೊಬ್ಬ ಅವಳಿಗೆ ಒಣಕಲು ಗೆಡ್ಡೆಯೊಂದನ್ನು ಕೊಟ್ಟ. ಎರಡೇ ಎಲೆ, ಚೀಟಿಯೂ ಇಲ್ಲ. "ಘಮ ಅಂದ್ರೆ ಘಮ ಮೇಡಂ. ಯಾವ ಘಮ ಅನ್ನೋದು ಮಾತ್ರ ಮರೆತುಹೋಗಿದೆ" ಅಂದನಂತೆ. ನಾನು, "ನಿನಗೆ ಟೋಪಿ ಹಾಕಿದ್ದಾನೆ" ಅಂದೆ. ಅವಳು ಇದ್ದಿಲು, ತೊಗಟೆ ಚೂರು ತುಂಬಿ ಅದನ್ನು ನೆಟ್ಟು, ಎದ್ದ ತಕ್ಷಣ ನೋಡುವುದು, ಮಲಗುವ ಮುಂಚೆ ನೋಡುವುದು. ಮಗುವಿನ ಆರೈಕೆ ಅದಕ್ಕೆ.

ಅದಾಗಿ ಒಂದೂವರೆ ವರ್ಷಕ್ಕೆ ಅವಳಿಗೆ ಜ್ವರ ಬಂತು. ಹತ್ತು ದಿನ ಮಲಗಿದಳು. ಜ್ವರ ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಹನ್ನೊಂದನೆಯ ದಿನ ಕಾಫಿ ಡಬ್ಬಿ ತೆರೆದು ಮೂಗು ಒಳಗಿಟ್ಟು ನಿಂತವಳು, "ಅತ್ತೆ, ಖಾಲಿ ಡಬ್ಬಿ ಥರ ಇದೆ" ಅಂದಳು. ಡಬ್ಬಿ ತುಂಬಿತ್ತು.

ಕಾರ್ಖಾನೆಯವರು ಅವಳನ್ನು ಸಾಬೂನಿಗೆ ಕಾಗದ ಸುತ್ತುವ ವಿಭಾಗಕ್ಕೆ ಹಾಕಿದರು. ಮೇಲ್ವಿಚಾರಕರು ಒಳ್ಳೆಯವರು, ಆರು ತಿಂಗಳು ಅವಳ ಮೇಜನ್ನು ಯಾರಿಗೂ ಕೊಡದೆ ಕಾದರು. ಆರು ತಿಂಗಳು ತುಂಬುವ ಶುಕ್ರವಾರ ಮಧ್ಯಾಹ್ನ ಹನ್ನೆರಡು ಪಟ್ಟಿಗಳ ಪರೀಕ್ಷೆ. ಕೂತು ಗೆದ್ದರೆ ಹಳೆಯ ಮೇಜು. ಆಗುವುದಿಲ್ಲ ಎಂದು ಮೊದಲೇ ಬರೆದುಕೊಟ್ಟರೆ ಕಾಗದ ಸುತ್ತುವ ಕೆಲಸವೇ ಕಾಯಂ. ಪರೀಕ್ಷೆಗೆ ಕೂತು ಎಲ್ಲರ ಮುಂದೆ ಪೆಚ್ಚಾಗುವುದಕ್ಕಿಂತ ಬರೆದುಕೊಡುವುದೇ ಮೇಲು ಎಂದು ಅವಳು ಆಗಾಗ ಅನ್ನುತ್ತಿದ್ದಳು.

"ಈಗೀಗ ಕಾಫಿ ವಾಸನೆ ಬಂದ ಹಾಗಾಗತ್ತೆ ಅತ್ತೆ. ಆದ್ರೆ ಅದು ಮೂಗಿಗೆ ಬರ್ತಿದೆಯೋ ನೆನಪಿಗೆ ಬರ್ತಿದೆಯೋ ಗೊತ್ತಾಗಲ್ಲ. ಗೊತ್ತಿರೋ ವಾಸನೆನ ನಂಬೋ ಹಾಗಿಲ್ಲ."

ನಾನು ಆ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟೆ.

ಪರೀಕ್ಷೆಯ ವಾರದ ಸೋಮವಾರವೇ ಆ ಗೆಡ್ಡೆಯ ಗಿಡ ಮೊದಲ ಬಾರಿಗೆ ಅರಳಿತು. ಉದ್ದನೆಯ ಕಡ್ಡಿಯ ತುಂಬ ಗೊಂಚಲು ಗೊಂಚಲಾಗಿ ಕೆಂಗಂದು ಬಣ್ಣದ ಪುಟ್ಟ ಹೂಗಳು, ತುದಿಯಲ್ಲಿ ಬಿಳಿ ಲಂಗದ ಹಾಗೆ ಒಂದೊಂದು ಎಸಳು. ಸಂಜೆ ನಾನು ಬರುವಷ್ಟರಲ್ಲಿ ಅವಳು ಕುಂಡದ ಮುಂದೆ ನಿಂತಿದ್ದಳು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಅತ್ತೆ, ಮೂಸಿ ನೋಡಿ. ಏನ್ ವಾಸನೆ ಅಂತ ಹೇಳ್ಬೇಡಿ. ಇದೆಯಾ ಇಲ್ವಾ, ಅಷ್ಟೇ ಹೇಳಿ."

ಮೂಸಿದೆ. ಏನೂ ಇಲ್ಲ. ಮತ್ತೊಮ್ಮೆ ಮೂಸಿದೆ. ಪ್ಲಾಸ್ಟಿಕ್ ಹೂವಾದರೂ ಪ್ಲಾಸ್ಟಿಕ್ಕಿನ ವಾಸನೆ ಕೊಡುತ್ತಿತ್ತು, ಇದಕ್ಕೆ ಅದೂ ಇಲ್ಲ. ಗಿಡದವನು ನಿಜವಾಗಿಯೂ ಟೋಪಿ ಹಾಕಿದ್ದ. "ನೋಡು, ಅವತ್ತೇ ಹೇಳಿದ್ದೆ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಅವಳ ಮುಖ ನೋಡಿದೆ. ಎರಡು ವರ್ಷ ನೀರು ಚಿಮುಕಿಸಿದ ಮುಖ, ಆರು ತಿಂಗಳು ಕಾಗದ ಸುತ್ತಿದ ಮುಖ. ಇದೊಂದನ್ನು ಇವಳಿಂದ ಕಿತ್ತುಕೊಳ್ಳುವುದು ನನ್ನಿಂದಾಗಲಿಲ್ಲ.

"ಇದೆ ಕಣೇ. ಚೆನ್ನಾಗಿದೆ" ಅಂದೆ.

ಅವಳು ತಲೆಯಾಡಿಸಿದಳು. "ಹೌದಾ" ಎಂದು ಮೆಲ್ಲಗೆ ಅಂದು ಚಪ್ಪಲಿ ಬಿಡಲು ಹೋದಳು. ನಾನು ನನ್ನ ಒಳ್ಳೆಯತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಟೀಗೆ ನೀರಿಟ್ಟೆ. ಮಂಗಳವಾರವೂ ಕೇಳಿದಳು, ಇದೆ ಅಂದೆ. ಬುಧವಾರವೂ ಕೇಳಿದಳು. ಒಂದು ಸಲ ಹೇಳಿದ ಮೇಲೆ ಹಿಂದೆ ಸರಿಯುವುದು ಹೇಗೆ? "ನಿನ್ನೆಗಿಂತ ಜಾಸ್ತಿನೇ ಇದೆ" ಎಂದು ಒಗ್ಗರಣೆಯನ್ನೂ ಹಾಕಿದೆ.

ಗುರುವಾರ ಸಂಜೆ ಅವಳು ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದಳು. ಕನ್ನಡಕ ಹಾಕಿಕೊಂಡು ಇಣುಕಿದೆ. ಪರೀಕ್ಷೆಗೆ ಕೂರುವುದಿಲ್ಲ, ಈಗಿರುವ ಕೆಲಸದಲ್ಲೇ ಮುಂದುವರಿಯಲು ಒಪ್ಪಿಗೆ ಇದೆ, ಎಂದಿತ್ತು.

"ಇದೇನೇ? ಯಾಕೆ?"

"ಈ ಹೂವನ್ನ ನಾನು ಯಾವತ್ತೂ ಮೂಸಿರ್ಲಿಲ್ಲ ಅತ್ತೆ. ಇದರ ನೆನಪು ನನಗಿಲ್ಲ. ಇದೊಂದು ಬಂದ್ರೆ ಮೂಗೇ ಕೆಲಸ ಮಾಡ್ತಿದೆ ಅಂತ ಅರ್ಥ. ಬಂದ್ರೆ ಪರೀಕ್ಷೆಗೆ ಕೂರೋಣ ಅಂದ್ಕೊಂಡಿದ್ದೆ." ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಮೂರು ದಿನ ಆಯ್ತು. ನಿಮಗೆ ಬರ್ತಿದೆ, ನನಗೆ ಬರ್ತಿಲ್ಲ."

ಪೆನ್ನು ಕಿತ್ತುಕೊಂಡೆ. "ಅಯ್ಯೋ, ನನಗೂ ಬಂದಿಲ್ಲ ಕಣೇ! ಸುಳ್ಳು ಹೇಳ್ದೆ. ಅದಕ್ಕೆ ವಾಸನೆನೇ ಇಲ್ಲ. ನೀನು ಬೇಜಾರು ಮಾಡ್ಕೋತೀಯ ಅಂತ ಹಾಗಂದೆ."

ಅವಳು ನನ್ನ ಕೈ ಹಿಡಿದುಕೊಂಡು ನಕ್ಕಳು. ಆ ನಗು ನೋಡಲಾಗಲಿಲ್ಲ. "ಸುಳ್ಳು ಹೇಳೋಕೆ ಬರಲ್ಲ ನಿಮಗೆ. ನನ್ನ ಸಮಾಧಾನಕ್ಕೆ ಈಗ ಹೇಳ್ತಿದ್ದೀರಲ್ಲ, ಇದು ಸುಳ್ಳು. ಉಪ್ಪು ಜಾಸ್ತಿ ಅಂತ ಮೊದಲನೇ ದಿನ ಹೇಳಿದೋರು ನೀವು."

ಆಣೆ ಹಾಕಿದೆ. ಬೈದೆ. ಕಣ್ಣೀರೂ ಹಾಕಿದೆ. ನಾನು ಹೆಚ್ಚು ಹೇಳಿದಷ್ಟೂ ಅವಳಿಗೆ ನನ್ನ ಮೇಲೆ ಅಕ್ಕರೆ ಹೆಚ್ಚಾಯಿತೇ ಹೊರತು ನಂಬಿಕೆ ಬರಲಿಲ್ಲ. ಜೀವಮಾನವಿಡೀ ನಿಜ ಹೇಳಿ ಗಳಿಸಿದ ಹೆಸರು, ಬೇಕಾದ ಹೊತ್ತಿಗೆ ನನಗೇ ತಿರುಗಿ ಬಿತ್ತು. ಮಾಡಿದ್ದುಣ್ಣೋ ಮಹರಾಯ.

ಮರುದಿನ ಅವಳು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಏಳು ಗಂಟೆಗೇ ಹೊರಟಳು. ನಾನು ಅಂಗಡಿ ತೆರೆದೆ. ಕೈ ಕೆಲಸದಲ್ಲಿತ್ತು, ತಲೆ ಕಾರ್ಖಾನೆಯಲ್ಲಿತ್ತು. ಒಬ್ಬ ಗಿರಾಕಿಯ ಉಣ್ಣೆ ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಹಾಗೇ ನಿಂತುಬಿಟ್ಟಿದ್ದೆ. ಹೊಗೆ ಎದ್ದಾಗಲೇ ಎಚ್ಚರ. ಒಳಮಡಿಕೆಯಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟು ಕಪ್ಪು ಗುರುತು. ಮೂವತ್ತು ವರ್ಷದಲ್ಲಿ ಒಂದು ದಾರವನ್ನೂ ಸುಟ್ಟವಳಲ್ಲ ನಾನು. ಅಂಥದೇ ಬಣ್ಣದ ಉಣ್ಣೆಯ ತುಂಡೊಂದು ಮನೆಯ ಪೆಟ್ಟಿಗೆಯಲ್ಲಿದ್ದದ್ದು ನೆನಪಾಗಿ, ಬಾಗಿಲೆಳೆದುಕೊಂಡು ಮನೆಗೆ ಓಡಿದೆ.

ಆಗ ಹತ್ತೂವರೆ. ಬೀಗ ತೆಗೆದು ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ಮನೆ ತುಂಬ ಚಾಕೊಲೇಟ್ ಕಾಯಿಸಿದ ವಾಸನೆ. ಪಕ್ಕದ ಮನೆಯವರು ಕೇಕ್ ಮಾಡುತ್ತಿರಬೇಕು ಅಂದುಕೊಂಡೆ. ಅವರ ಬಾಗಿಲಿಗೆ ಬೀಗ. ಮೂಗು ಎಳೆದುಕೊಂಡು ಹೋದ ಕಡೆ ಹೋದೆ, ಅಡುಗೆಮನೆಗೆ ಬಂದೆ. ಎದುರಿನ ಕಟ್ಟಡದ ನೆರಳು ಸರಿದು ಕಿಟಕಿಗೆ ಬಿಸಿಲು ಬಿದ್ದಿತ್ತು. ಆ ಬಿಸಿಲಿನಲ್ಲಿ ನಮ್ಮ ಕೆಂಗಂದು ಹೂವು, ಮೂರು ದಿನ ನಮ್ಮಿಬ್ಬರನ್ನೂ ಆಟ ಆಡಿಸಿದ ಕಿಲಾಡಿ, ಘಮ್ಮೆಂದು ನಿಂತಿತ್ತು. ನಾವಿಬ್ಬರೂ ಮನೆಯಲ್ಲಿಲ್ಲದ ಹೊತ್ತು ನೋಡಿ ಇದು ಬಾಯಿ ಬಿಡುತ್ತಿತ್ತು.

ಉಣ್ಣೆ ತುಂಡು, ಕೋಟು, ಅಂಗಡಿ ಎಲ್ಲ ಮರೆತೆ. ಕುಂಡ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆಯೇ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡೆ. ತಣ್ಣಗಾದರೆ ಮತ್ತೆ ಮೌನ ಹಿಡಿದೀತು ಎಂಬ ಭಯ. ಕೆಳಗಿನ ತೂತಿನಿಂದ ನೀರು ಜಿನುಗಿ ಬಟ್ಟೆಯೆಲ್ಲ ಒದ್ದೆ. ಅವಳು ಆ ಕಾಗದ ಕೊಟ್ಟುಬಿಟ್ಟಿದ್ದರೆ? ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಹೂವಿಗೆ ಘಮ ಇದೆ, ಸರಿ. ಅವಳ ಮೂಗಿಗೆ ಅದು ಬಾರದೇ ಹೋದರೆ? ಇಡೀ ದಾರಿ ನಾನು ಆ ಯೋಚನೆಯ ಕಡೆ ಮುಖ ತಿರುಗಿಸಲೇ ಇಲ್ಲ.

ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಮೂಗರಳಿಸಿದ. "ಏನಮ್ಮಾ, ಚಾಕೊಲೇಟ್ ಅಂಗಡಿನೇ ಹೊತ್ಕೊಂಡು ಬಂದ್ರಾ?"

"ನಮ್ಮ ಹುಡುಗಿ ಬಂದಾಗ ಆ ಮಾತು ಎತ್ತಿದ್ರೆ ನಿಮ್ಮ ಬಾಯಿಗೆ ಹೊಲಿಗೆ ಹಾಕ್ತೀನಿ. ಹೋಗಿ, ಮೂಗು ಮೇಡಂನ ಕರೀರಿ. ಅತ್ತೆ ಬಂದಿದ್ದಾರೆ ಅನ್ನಿ, ಅಷ್ಟೇ." ಆತ ಬಾಯಿಯ ಮೇಲೆ ಬೆರಳಿಟ್ಟುಕೊಂಡೇ ಒಳಗೆ ಹೋದ.

ಗೇಟಿನೊಳಗೆಲ್ಲ ಸಾಬೂನಿನ ವಾಸನೆ. ಅದಕ್ಕೇ ನಾನು ರಸ್ತೆ ದಾಟಿ, ಗಾಳಿ ಬೀಸುತ್ತಿದ್ದ ಕಡೆ ಕಟ್ಟೆಯ ಮೇಲೆ ಕುಂಡವಿಟ್ಟು ನಿಂತೆ. ಅವಳು ಏಪ್ರನ್‌ನಲ್ಲೇ ಓಡಿ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಏನಾಯ್ತತ್ತೆ? ಇವರಿಗೇನಾದ್ರೂ..."

"ನಿನ್ನ ಗಂಡ ಚೆನ್ನಾಗಿದ್ದಾನೆ, ಸೂಪರ್ ಆಗಿದ್ದಾನೆ. ಕಾಗದ ಕೊಟ್ಯಾ?"

"ಇಲ್ಲ, ಮೇಲ್ವಿಚಾರಕರು ಬರೋದು ಹನ್ನೆರಡಕ್ಕೆ." ಅವಳು ಜೇಬು ಮುಟ್ಟಿಕೊಂಡಳು.

"ಹಾಗಾದ್ರೆ ಮೂಸು. ನಾನು ಬಾಯಿ ಬಿಡಲ್ಲ. ನೀನೇ ಹೇಳು."

ಅವಳು ನನ್ನನ್ನು ಒಮ್ಮೆ ನೋಡಿ, ಬಗ್ಗಿ, ಕಣ್ಣು ಮುಚ್ಚಿದಳು. ನಾನು ತುಟಿ ಕಚ್ಚಿ ಹಿಡಿದೆ. ನನ್ನಂಥವಳಿಗೆ ಸುಮ್ಮನಿರುವುದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಅವಳ ಹುಬ್ಬು ಗಂಟಿಕ್ಕಿತು.

"ಸುಟ್ಟ ವಾಸನೆ" ಅಂದಳು.

ಮುಗಿಯಿತು ಅಂದುಕೊಂಡೆ. ಅವಳು ಹೂವನ್ನು ಬಿಟ್ಟು ತಲೆಯೆತ್ತಿ ನನ್ನ ತೋಳಿನ ಹತ್ತಿರ ಮೂಗು ತಂದಳು. "ಕೂದಲು ಸುಟ್ಟ ಹಾಗೆ. ಇಲ್ಲ, ಉಣ್ಣೆ. ಇದು ಹೂವಿಂದಲ್ಲ, ನಿಮ್ಮ ಕೈಯಿಂದ ಬರ್ತಿದೆ. ನೀವು ಸ್ವಲ್ಪ ಆ ಕಡೆ ನಿಂತ್ಕೊಳ್ಳಿ." ನನ್ನನ್ನು ಪಕ್ಕಕ್ಕೆ ಸರಿಸಿ ಮತ್ತೆ ಬಗ್ಗಿದಳು. "ಕೋಕೋ. ಕಹಿ ಅಲ್ಲ, ಹಾಲು ಬೆರೆಸಿದ್ದು. ಆಮೇಲೆ ವೆನಿಲ್ಲಾ. ಅದರ ಅಡಿಯಲ್ಲಿ... ಒಂದೇ ಒಂದು ಚೂರು ಕಾಳುಮೆಣಸು." ಕಣ್ಣು ತೆರೆದಳು. ರೆಪ್ಪೆ ಒದ್ದೆಯಾಗಿತ್ತು. "ಸರಿನಾ ಅತ್ತೆ?"

ಕಾಳುಮೆಣಸು ನನಗೆ ಬಂದಿರಲಿಲ್ಲ. ಅಷ್ಟು ಆಳಕ್ಕೆ ನನ್ನ ಮೂಗು ಹೋಗುವುದಿಲ್ಲ. ಉಳಿದದ್ದೆಲ್ಲ ಸರಿ ಎಂದು ತಲೆಯಾಡಿಸಿದೆ. ಅವಳು ನನ್ನ ಭುಜಕ್ಕೆ ಮುಖವಿಟ್ಟು ಅತ್ತಳು. ರಸ್ತೆಯಾಚೆ ಕಾವಲುಗಾರ ಇನ್ನೂ ಬಾಯಿ ಮುಚ್ಚಿಕೊಂಡೇ ನಿಂತಿದ್ದ.

ಮುಖ ಎತ್ತದೆಯೇ ಕೇಳಿದಳು, "ಯಾರ ಬಟ್ಟೆ ಸುಟ್ರಿ?"

"ಒಬ್ಬ ಗಿರಾಕಿ ಕೋಟು."

"ಅವರಿಗೇನು ಹೇಳ್ತೀರಿ?"

"ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಸುಳ್ಳು ಹೇಳಿ ಸಾಕಾಗಿದೆ."

ಊಟದ ಗಂಟೆ ಹೊಡೆಯಿತು. ಅವಳು ಕಣ್ಣೊರೆಸಿಕೊಂಡು, ಹನ್ನೆರಡು ಪಟ್ಟಿಗಳ ಕಡೆಗೆ ಹೊರಟಳು. ಹೊರಡುವ ಮುಂಚೆ ನನ್ನ ಒದ್ದೆ ಬಟ್ಟೆ ನೋಡಿ, ಜೇಬಿನಿಂದ ಆ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಕೈಗಿಟ್ಟಳು. "ಬಸ್ಸಲ್ಲಿ ಕುಂಡದ ಕೆಳಗೆ ಇಟ್ಕೊಳ್ಳಿ ಅತ್ತೆ. ನೀರು ಸೋರತ್ತೆ."